ಹಂತ ಬರೆಸಿದ ಮೇಷ್ಟ್ರು

ನಮ್ಮ ಕಳಸದ ಕಡೆಯ ಹೈಸ್ಕೂಲಿನ ಗಣಿತದ ಮೇಷ್ಟ್ರು ಉತ್ತರಪತ್ರಿಕೆಯ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಇಳಿಯುತ್ತಿದ್ದರು. “ಉತ್ತರ ಹೇಗೆ ಬಂತು ಅಂತ ಬರಿ ಮಾರಾಯ” ಎನ್ನುವುದು ಅವರ ಮಾತು.

ಬಾಯಿಲೆಕ್ಕದಲ್ಲಿ ಚುರುಕಾಗಿದ್ದ ನನ್ನ ಮಗಳು ಬರೀ ಉತ್ತರ ಬರೆದಾಗ ನಾಲ್ಕಕ್ಕೆ ಒಂದೇ ಅಂಕ ಕೊಟ್ಟರು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನು ತರಗತಿಗೇ ನುಗ್ಗಿ, “ಉತ್ತರ ಸರಿ ಇದೆಯಲ್ರೀ, ಕಣ್ಣು ಕಾಣಲ್ವಾ?” ಎಂದು ಮಕ್ಕಳೆದುರು ಕೂಗಿದೆ.

“ಇವಳು ಕಾಪಿ ಹೊಡೆಯಲ್ಲ ಅಂತ ನಂಗೊತ್ತು ರೈಟ್ರೇ. ಪಬ್ಲಿಕ್ ಪರೀಕ್ಷೆ ಪೇಪರ್ ತಿದ್ದೋರಿಗೆ ಗೊತ್ತಾ?” ಎಂದರಷ್ಟೆ.

ಪಬ್ಲಿಕ್ ಪರೀಕ್ಷೆಯಲ್ಲಿ ಗಾಬರಿಗೆ ಉತ್ತರಗಳು ತಪ್ಪಿದರೂ, ಮೇಷ್ಟ್ರು ರೂಢಿ ಮಾಡಿಸಿದ್ದ ಹಂತಗಳ ಅಂಕದಿಂದಲೇ ಮಗಳು ಪಾಸಾದಳು. ಹೇಳಲು ಶಾಲೆಗೆ ಓಡಿದೆ, ಅಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು.

ಈಗಲೂ ಬಸ್ಸುಗಳ ಕಿಟಕಿಯಲ್ಲಿ ಅವರ ಮುಖ ಹುಡುಕುತ್ತೇನೆ. ಸಿಕ್ಕರೂ, ಆ ಮಕ್ಕಳೆದುರೇ ಕ್ಷಮೆ ಕೇಳಬೇಕಲ್ಲ; ಅವರನ್ನೆಲ್ಲ ಎಲ್ಲಿಂದ ಕರೆತರಲಿ?