ಗುಡುಗಿಗೆ ಕಿತ್ತಿಟ್ಟ ಅಡಾಪ್ಟರ್

ಕಾಯಿಲೆಯಲ್ಲಿ ಅಕ್ಕನ ಮಾತು ಪೂರ್ತಿ ನಿಂತುಹೋಯಿತು. ಕೈ ನಡುಗುತ್ತಿದ್ದುದರಿಂದ ಪೆನ್ನು ಹಿಡಿಯಲೂ ಆಗುತ್ತಿರಲಿಲ್ಲ. ಶಿಕಾರಿಪುರದ ನನ್ನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪಿಗೆ ಲಿನಕ್ಸ್ ತಂತ್ರಾಂಶ ಹಾಕಿ, ಸೊರಬದ ಹತ್ತಿರದ ಅವಳ ಮನೆಗೆ ಒಯ್ದೆ. ಪರದೆಯ ಮೇಲಿನ ಕನ್ನಡ ಅಕ್ಷರಗಳನ್ನು ಮೌಸಿನಿಂದ ಒಂದೊಂದಾಗಿ ಒತ್ತಿದರೆ ಅವಳು ಮತ್ತೆ ಏನಾದರೂ ಹೇಳಬಹುದಿತ್ತು. ಮಲಗಿದಲ್ಲೇ ಆಡಿಸಲಿ ಎಂದು ವೈರಿಲ್ಲದ ಮೌಸ್ ಕೊಟ್ಟೆ. ಅದಕ್ಕಾಗಿ ಲ್ಯಾಪ್‌ಟಾಪಿಗೆ ಚುಚ್ಚಿದ ಬ್ಲೂಟೂತ್ ಅಡಾಪ್ಟರ್ ಹಳೆಯದು, ಹುಣಸೆ ಬೀಜದಷ್ಟಿತ್ತು. ವೈರಿನ ಮೌಸ್ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ; ನನ್ನ ಹಟ ನನಗೆ.

ಪ್ರತಿ ಭಾನುವಾರ ನಾನು ಹೋಗಿ ಜೋಡಿಸಿದಾಗ ಪರದೆಯ ಬಾಣ ಓಡಾಡುತ್ತಿತ್ತು. ಅಕ್ಕ ಅಕ್ಷರ ಹುಡುಕಲು ಕಲಿಯುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗುತ್ತಿತ್ತು. ಎರಡು ದಿನಕ್ಕೆ ಭಾವನ ಫೋನು: "ಅದು ಮತ್ತೆ ಆಡ್ತಿಲ್ಲ ಕಣೋ." ಮೂರು ವಾರ ಇದೇ ಕಥೆ. ಸೆಲ್ ಬದಲಿಸಿದೆ, ಹಳೆಯ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿದೆ, ಅಡಾಪ್ಟರಿಗೂ ಲಿನಕ್ಸಿಗೂ ಬೈದೆ. ಅಕ್ಕ ಕೈಯೆತ್ತಿ ಮೇಲೆ ತೋರಿಸುತ್ತಿದ್ದಳು. ಸೆಕೆಯೇನೋ ಎಂದು ಫ್ಯಾನ್ ಹಾಕುತ್ತಿದ್ದೆ.

ನಾಲ್ಕನೆಯ ವಾರ ನಾನಿದ್ದಾಗಲೇ ಮಧ್ಯಾಹ್ನ ಮೋಡ ಕಟ್ಟಿತು. ಮೊದಲ ಗುಡುಗಿಗೆ ಭಾವ ಎದ್ದು ಟೀವಿಯ ವೈರು ಕಿತ್ತರು, ಫ್ರಿಜ್ಜಿನದು ಕಿತ್ತರು, ಹಾಗೇ ಬಂದು ಲ್ಯಾಪ್‌ಟಾಪಿನ ಆ ಪುಟ್ಟ ಅಡಾಪ್ಟರನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು.

"ಸಿಡಿಲಿಗೆ ಸುಟ್ಟು ಹೋಗ್ತದಲ್ಲ. ಮಳೆ ನಿಂತ್ಮೇಲೆ ಹಾಕ್ತೀನಿ," ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಇಷ್ಟು ದಿನ ಹೇಳ್ಬಾರ್ದಿತ್ತಾ ಭಾವ? ವಾರಾವಾರ ಬಂದು ಸಾಯ್ತಿದೀನಿ, ಅಷ್ಟೂ ತಲೆ ಬೇಡ್ವಾ?" ಎಂದು ಕೂಗಾಡಿದೆ. ನನಗಿಂತ ಹದಿನೈದು ವರ್ಷ ದೊಡ್ಡವರು. ಅಡಾಪ್ಟರನ್ನು ನನ್ನ ಕೈಗಿಟ್ಟು ಕೊಟ್ಟಿಗೆಯ ಕಡೆ ಹೋದರು.

ನಿಜ ಹೇಳಬೇಕೆಂದರೆ ತಪ್ಪು ನನ್ನದೇ. ಜೋಡಿಸುವಾಗ 'ಟ್ರಸ್ಟ್', ಅಂದರೆ ಈ ಮೌಸನ್ನು ನಂಬು ಎಂಬ ಇನ್ನೊಂದು ಆಜ್ಞೆ ಕೊಟ್ಟಿದ್ದರೆ, ಅಡಾಪ್ಟರ್ ಕಿತ್ತು ಮತ್ತೆ ಚುಚ್ಚಿದರೂ ಮೌಸ್ ತಾನಾಗಿ ಸೇರಿಕೊಳ್ಳುತ್ತಿತ್ತು. ಬಸ್ಸಿನ ಅವಸರದಲ್ಲಿ ಅದನ್ನು ಪ್ರತಿ ಸಲವೂ ಬಿಟ್ಟಿದ್ದೆ. ಈಗ ಕೊಟ್ಟೆ. ಕಿತ್ತು ಮತ್ತೆ ಚುಚ್ಚಿ ನೋಡಿದೆ, ಬಾಣ ಓಡಾಡಿತು.

ಅಕ್ಕ ಮೌಸ್ ಹಿಡಿದಳು. ಮಳೆ ನಿಲ್ಲುವವರೆಗೂ ಒಂದೊಂದೇ ಅಕ್ಷರ ಒತ್ತಿದಳು. ಪರದೆಯ ಮೇಲೆ ಹೀಗಿತ್ತು:

"ಕೀಳಿ ಅಂತ ಸನ್ನೆ ಮಾಡಿದ್ದು ನಾನು. ನೀ ಕೊಟ್ಟಿದ್ದು ಸುಡಬಾರ್ದು ಅಂತ. ಅವರಿಗ್ಯಾಕೆ ಬೈದೆ?"

ಅವಳು ಮೇಲೆ ತೋರಿಸುತ್ತಿದ್ದುದು ಗುಡುಗನ್ನು. ಕಾಯಿಲೆ ಬಿದ್ದ ಮೇಲೆ ಅವಳಾಡಿದ ಮೊದಲ ಮಾತು ಇದು. ನಾಚಿಕೆಯಿಂದ ಕುಗ್ಗಿಹೋದೆ.

ಕ್ಷಮೆ ಕೇಳಬೇಕೆಂದೇ ಕೊಟ್ಟಿಗೆಗೆ ಹೋದೆ. ಭಾವ ಹುಲ್ಲು ಹಾಕುತ್ತಿದ್ದವರು ತಿರುಗಿ, "ಆಡ್ತಾ? ಏನಂದ್ಲು?" ಎಂದು ಆಸೆಯಿಂದ ಕೇಳಿದರು.

"ಇನ್ನೂ ಕಲೀತಿದಾಳೆ," ಎಂದೆ.