ಎಡಕ್ಕೆ ಮಡಚಿದ ಗಮ್ ಕಾಗದ

ನಮ್ಮಣ್ಣ ಬಬಲ್ ಗಮ್ ಕೊಳ್ಳುತ್ತಿದ್ದುದೇ ಒಳಗಿನ ಕ್ರಿಕೆಟ್ ಆಟಗಾರರ ಕಾರ್ಡಿಗಾಗಿ. ಗಮ್ಮಿನಲ್ಲಿ ಅರ್ಧ ಕಚ್ಚಿ ನನಗೆ ಕೊಡುತ್ತಿದ್ದ, ಕಾರ್ಡು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. ಸುತ್ತಿದ್ದ ಮೇಣದ ಕಾಗದವನ್ನು ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಎಸೆದು ಆಡಲು ಓಡುತ್ತಿದ್ದ. ಆ ಕಾಗದಗಳು ನನ್ನ ಪಾಲಿಗೆ ಬಂದವು. ಹಸಿರು ಬಣ್ಣದ ಮೇಲೆ ಮೂರು ಸ್ಟಂಪು, ಒಂದು ಕೆಂಪು ಚೆಂಡು. ಲೋಟದ ತಳದಿಂದ ಉಜ್ಜಿ ಸಪಾಟು ಮಾಡಿ ಹಳೆಯ ಭೂಪಟದ ಪುಸ್ತಕದೊಳಗೆ ಇಡುತ್ತಿದ್ದೆ. ಮದುವೆಯಾಗಿ ಕೆ.ಬಿ. ಬಡಾವಣೆಗೆ ಬಂದಾಗ ಸೀರೆಗಳ ಜೊತೆ ಆ ಪುಸ್ತಕವೂ ಬಂತು.

ಎರಡು ವರ್ಷದ ಹಿಂದೆ ಅಣ್ಣ ಫೋನ್ ಮಾಡಿದ. ಹಳೆಯ ಕ್ರಿಕೆಟ್ ಕಾರ್ಡು ಸಂಗ್ರಹಿಸುವವರ ವಾಟ್ಸಾಪ್ ಗುಂಪಿಗೆ ಸೇರಿದ್ದನಂತೆ. ತನ್ನ ಕಾರ್ಡುಗಳ ಫೋಟೋ ಹಾಕಿದರೆ ಯಾರೂ ಕೇಳಲಿಲ್ಲ. "ಎಲ್ರೂ ಸುತ್ತಿದ್ದ ಕಾಗದ ಐತೇನು ಅಂತಾರವ್ವ. ನಿನ್ ಹತ್ರ ಇನ್ನೂ ಅದಾವಾ?"

ಹನ್ನೊಂದು ಇದ್ದವು. ಫೋಟೋ ಕಳಿಸಿದೆ. ಮರುದಿನವೇ ಹುಬ್ಬಳ್ಳಿಯಿಂದ ಒಬ್ಬರು ವಿಡಿಯೋ ಕರೆ ಮಾಡಿದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೂವತ್ತು ವರ್ಷದಿಂದ ಇದೇ ಹುಚ್ಚು. "ಕಾರ್ಡು ಎಲ್ಲಾರ ಹಂತ್ಯಾಕೂ ಅದಾವ್ರಿ ಮೇಡಂ. ಕಾಗದ ಯಾರ್ ಇಟ್ಟಾರ?" ಎಂದರು. ಒಂದೊಂದನ್ನೇ ಬೆಳಕಿಗೆ ಹಿಡಿಯಲು ಹೇಳಿ, ಮೇಣ ಎಲ್ಲಿ ಬಿರುಕು ಬಿಟ್ಟಿದೆ, ಅಂಚು ಹರಿದಿದೆಯೇ, ಬೆಲೆ ಅಚ್ಚಾದ ಜಾಗ ಮಾಸಿದೆಯೇ ಎಂದು ನೋಡಿದರು. ಬೆಲೆ ಕಟ್ಟುವ ಬಗೆ ನಾನು ಕಲಿತದ್ದು ಅವರಿಂದಲೇ. ಆರು ಕಾಗದಗಳಿಗೆ ತಲೆದೂಗಿದರು. ಉಳಿದ ಐದನ್ನು ಮತ್ತೆ ಮತ್ತೆ ತಿರುಗಿಸಿ ತೋರಿಸಲು ಹೇಳಿದರು.

"ಇವು ಖೊಟ್ಟಿ ಅದಾವ್ರಿ. ನಾ ಕಂಡಿದ್ದ ಎಲ್ಲಾ ಕಾಗದದಾಗ ಕಡೀ ಮಡಿಕಿ ಬಲಗಡಿಂದ ಬಂದೈತಿ, ಅಂಟು ಬಲ ಅಂಚಿನ ಮ್ಯಾಲ ಇರ್ತೈತಿ. ಇವುಗಳದ್ದು ಎಡಕ್ಕೈತಿ. ಯಾರೋ ಆಮ್ಯಾಲೆ ಮಾಡಿದ್ದು."

ನನಗೆ ಸಂಕಟಕ್ಕಿಂತ ಸಿಟ್ಟು ಹೆಚ್ಚಾಯಿತು. ಹತ್ತು ವರ್ಷದ ಹುಡುಗಿ ತನ್ನ ಮನೆಯ ಕಟ್ಟೆಯ ಮೇಲಿಂದ ಹೆಕ್ಕಿಕೊಂಡ ಕಾಗದ ಖೊಟ್ಟಿ ಹೇಗಾದೀತು? ಮಾರುವ ಯೋಚನೆ ನನಗಿರಲಿಲ್ಲ. ಆದರೆ ಆ ಮಾತನ್ನು ಹಾಗೆಯೇ ಬಿಡುವುದು ಸಾಧ್ಯವಿರಲಿಲ್ಲ. ನಾನು ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಪುಸ್ತಕ ಸಿಗದಿದ್ದರೆ ಸಿಗುವವರೆಗೂ ಕಪಾಟು ಬಿಡುವವಳಲ್ಲ.

ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಹರಿಹರ' ಎಂದು ಅಚ್ಚಾಗಿತ್ತು. ಅಲ್ಲಿ ಗಮ್ಮು, ಪೆಪ್ಪರಮೆಂಟು ಮಾಡುವ ಸಣ್ಣ ಕಾರ್ಖಾನೆಯಿತ್ತೆಂದೂ ಮುಚ್ಚಿ ಬಹಳ ಕಾಲವಾಯಿತೆಂದೂ ತಿಳಿಯಿತು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಕಾರ್ಖಾನೆಯ ಜಾಗದಲ್ಲಿ ಟೈಲ್ಸ್ ಗೋದಾಮು ಇತ್ತು. ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದಾರೆಯೇ ಎಂದು ಹಳೇ ಕಿರಾಣಿ ಅಂಗಡಿಗಳಲ್ಲಿ ಒಂದೊಂದಾಗಿ ವಿಚಾರಿಸಿದೆ. ಒಬ್ಬರು, "ಗಮ್ ಕಾಗ್ದಕ್ಕೆ ದಾವಣಗೆರೆಯಿಂದ ಬಂದೀರಾ?" ಎಂದು ನಕ್ಕರು. ಎರಡನೇ ಭಾನುವಾರವೂ ಹೋದೆ, ಮೂರನೆಯದೂ. ನಾಲ್ಕನೇ ವಾರ ಗಂಡ, "ಬಿಟ್ಟಾಕು ಮಾರಾಯ್ತಿ" ಎಂದರು. ಬಿಡಲಿಲ್ಲ. ಆ ದಿನವೇ ಸ್ಟೇಷನ್ ರಸ್ತೆಯ ಅಂಗಡಿಯ ಯಜಮಾನರು, "ಗುಡಿ ಹಿಂದಿನ ಓಣ್ಯಾಗೆ ಜಂಪರ್ ಹೊಲಿಯೋ ಹೆಣ್ಮಗಳು ಐದಾಳ್ರಿ. ಅವಳು ಅಲ್ಲೇ ಕೆಲ್ಸಕ್ಕೆ ಹೋಗ್ತಿದ್ಲು" ಎಂದರು.

ಆಕೆ ನನಗಿಂತ ಏಳೆಂಟು ವರ್ಷ ದೊಡ್ಡವರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. "ಬರ್ರಿ ಮೇಡಂ, ಕೂಡ್ರಿ. ಅಳತಿ ಜಂಪರ್ ತಂದೀರಾ?" ಎಂದರು. ನಾನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟಿದ್ದ ಹನ್ನೊಂದು ಕಾಗದಗಳನ್ನು ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ನೋಡಿದರು. ನಾನು ಏನನ್ನೂ ಕೇಳುವ ಮೊದಲೇ ಐದನ್ನು ಬೇರೆ ಮಾಡಿದರು.

"ಇವು ನಾನ್ ಸುತ್ತಿದ್ವು."

"ಹೆಂಗೆ ಗೊತ್ತಾತಕ್ಕಾ?"

"ನಾನು ಎಡಚಿ. ಹನ್ನೆರಡು ಮಂದಿ ಹುಡುಗ್ಯಾರು ಕುಂತು ಸುತ್ತುತಿದ್ವಿ, ಅದ್ರಾಗೆ ನಾನೊಬ್ಬಳೇ ಎಡಚಿ. ಮೇಸ್ತ್ರಿ ದಿನಾ ಬೈತಿದ್ದ. ಬಲಗೈಲಿ ಮಾಡಿದ್ರೆ ಅರ್ಧನೂ ಆಗ್ತಿರ್ಲಿಲ್ಲ. ಕಡೀಗೆ ಅವನೇ ಸುಮ್ನಾದ."

ಕತ್ತರಿಸಿ ಉಳಿದ ಅಸ್ತರಿನ ತುಂಡು ತೆಗೆದುಕೊಂಡು, ಬಟ್ಟೆಗೆ ಗುರುತು ಹಾಕುವ ಬಳಪದ ಬಿಲ್ಲೆಗೆ ಸುತ್ತಿ ತೋರಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕೊನೆಯ ಮಡಿಕೆ ಎಡದಿಂದ ಬಂದು ಕೂತಿತ್ತು. ಕಣ್ಣು ತುಂಬಿ ಬಂದದ್ದನ್ನು ಮರೆಸಲು ನಾನು ಕಾಗದ ಜೋಡಿಸುವ ನೆಪ ಮಾಡಿದೆ.

ಗುಂಡಿ ತೆಗೆದುಕೊಳ್ಳಲು ಅವರು ಗೂಡಿಗೆ ಕೈಹಾಕಿದಾಗ ಕಂಡದ್ದು ಒಂದು ರಟ್ಟಿನ ಡಬ್ಬಿ. ಹಸಿರು ಬಣ್ಣ, ಮೂರು ಸ್ಟಂಪು, ಕೆಂಪು ಚೆಂಡು. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಮುಚ್ಚಳ ತೆರೆದಿಡುತ್ತಿದ್ದ, ಗಮ್ಮು ತುಂಬಿ ಬರುತ್ತಿದ್ದ ಡಬ್ಬಿ. ಮೇಷ್ಟ್ರು ಮೂವತ್ತು ವರ್ಷದಲ್ಲಿ ಒಂದನ್ನೂ ಕಂಡಿರಲಿಲ್ಲ. ಮೂಲೆ ಸವೆದಿತ್ತು, ಮುಚ್ಚಳ ಗಟ್ಟಿಯಾಗಿತ್ತು.

ನಾನು ನೋಡುತ್ತಲೇ ನಿಂತದ್ದನ್ನು ಕಂಡು, "ಬೇಕಾದ್ರೆ ಒಯ್ರಿ. ಗುಂಡಿ ಹಾಕಾಕೆ ಬೇರೆ ಡಬ್ಬಿ ಸಿಗ್ತಾವು" ಎಂದರು.

ಹೂಂ ಎಂದಿದ್ದರೆ ಅದು ಇವತ್ತು ನನ್ನ ಕಪಾಟಿನಲ್ಲಿರುತ್ತಿತ್ತು. ಮುಚ್ಚಳವನ್ನೊಮ್ಮೆ ಬೆರಳಿನಿಂದ ಸವರಿದೆ. ಆಮೇಲೆ, "ಬ್ಯಾಡಕ್ಕಾ. ಇದಕ್ಕೆ ಭಾಳ ಬೆಲೆ ಐತೆ. ನನ್ ಕೈಲಿ ಅಷ್ಟು ರೊಕ್ಕ ಕೊಡಾಕೆ ಆಗಲ್ಲ. ಕೊಡೋರನ್ನ ಕರ್ಕಂಡು ಬರ್ತೀನಿ, ಅಲ್ಲೀತನ ಯಾರಿಗೂ ಕೊಡಬ್ಯಾಡ್ರಿ" ಎಂದೆ.

ಆಕೆ ನಾನು ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡು ನಕ್ಕುಬಿಟ್ಟರು.

ಅಂದು ರಾತ್ರಿ ಫೋನಿನಲ್ಲಿ ಡಬ್ಬಿಯ ಸುದ್ದಿ ಕೇಳಿ, ಫೋಟೋ ಕಳಿಸಿ ಎಂದ ಮೇಷ್ಟ್ರಿಗೆ ಇಲ್ಲವೆಂದೆ. ಹರಿಹರಕ್ಕೇ ಬನ್ನಿ, ಖೊಟ್ಟಿ ಎಂದದ್ದನ್ನು ಸುತ್ತಿದವರ ಎದುರಿಗೇ ಕೂತು ನೋಡಿ ಎಂದೆ. ಅವರು ದೊಡ್ಡ ಮನುಷ್ಯರು, ಮುಂದಿನ ವಾರವೇ ರೈಲಿನಲ್ಲಿ ಬಂದರು. ಆ ಎಡಗೈ ಸುತ್ತುವುದನ್ನು ಮೂರು ಸಲ ಮಾಡಿಸಿ ನೋಡಿದರು. ಕೊನೆಗೆ ನನ್ನತ್ತ ತಿರುಗಿ, "ತಪ್ಪಾತ್ರಿ ಮೇಡಂ" ಎಂದು ಕೈಮುಗಿದರು. ಡಬ್ಬಿಗೆ ಹದಿನೆಂಟು ಸಾವಿರ ಹೇಳಿದರು. ಅಕ್ಕ ನನ್ನ ಮುಖ ನೋಡಿದರು. ನಾನು, "ಇಪ್ಪತ್ತು ಮಾಡ್ರಿ ಸರ್. ಮುಚ್ಚಳ ನೋಡ್ರಿ ಹೆಂಗೈತೆ" ಎಂದೆ. ಇಪ್ಪತ್ತಕ್ಕೆ ಮುಗಿಯಿತು.

ಗುಂಡಿಗಳನ್ನು ಸೆರಗಿಗೆ ಸುರಿದುಕೊಂಡು ಅಕ್ಕ ಖಾಲಿ ಡಬ್ಬಿ ಕೊಟ್ಟರು. ಮೇಷ್ಟ್ರು ಅದನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಇಳಿಸುವಾಗ ಮುಚ್ಚಳ ಜೋಪಾನ ಎಂದು ಎರಡು ಸಲ ಹೇಳಿದೆ. ಸಂಜೆಯ ಬಸ್ಸಿನಲ್ಲಿ ದಾವಣಗೆರೆ ಬರುವವರೆಗೂ ಆ ಡಬ್ಬಿಯೇ ಕಣ್ಣ ಮುಂದಿತ್ತು.

ಆ ದುಡ್ಡಿನಲ್ಲಿ ಅಕ್ಕ ಹೊಲಿಗೆ ಯಂತ್ರಕ್ಕೆ ಮೋಟರು ಹಾಕಿಸಿಕೊಂಡರು. ಈಗ ನಾನು ರವಿಕೆ ಹೊಲಿಸುವುದೆಲ್ಲ ಅವರ ಹತ್ತಿರವೇ. ಅವರ ಜೊತೆ ಗಮ್ಮು ಸುತ್ತುತ್ತಿದ್ದ ಹನ್ನೊಂದು ಮಂದಿಯಲ್ಲಿ ನಾಲ್ವರ ಮನೆ ಪತ್ತೆಯಾಗಿದೆ. ಇಬ್ಬರೂ ಕೂಡಿ ಹೋಗಿ ಬಂದೆವು. ಒಬ್ಬರ ಮನೆಯಲ್ಲೂ ಡಬ್ಬಿ ಇರಲಿಲ್ಲ. ಇನ್ನೂ ಏಳು ಮನೆ ಬಾಕಿ ಇವೆ.