ಇಬ್ಬನಿ ಆರುವವರೆಗೆ ಏಣಿಯ ಬುಡದಲ್ಲಿ

ಗುಬ್ಬಿಯ ಹಳೇ ಪೇಟೆಯಲ್ಲಿ ಬೆಳಗಿನ ಆರೂವರೆ. ಮಾಗಿಯ ಮಂಜು ಇನ್ನೂ ಬೀದಿ ಬಿಟ್ಟಿಲ್ಲ. ನರಸಿಂಹಮ್ಮನವರ ಹೆಂಚಿನ ಮನೆಗೆ ಬಿದಿರಿನ ಏಣಿ ಒರಗಿಸಿ ಹತ್ತಿದ ದಸ್ತಗೀರ್ ಸಾಬ್, ಸೂರಿನ ಅಂಚಿಗೆ ಅಂಗೈ ಸವರಿ ಮೂಸಿ ನೋಡುತ್ತಾರೆ. ಕೆಳಗೆ ಏಣಿ ಹಿಡಿದು ನಿಂತವರು ಹೆಂಡತಿ ಕುಲ್ಸುಂ ಬೀ; ಅಂಗಳದಲ್ಲಿ ನರಸಿಂಹಮ್ಮ.

"ಅಮ್ಮಾ, ಸೋಪಿನ ಪುಡಿ ಹಾಕ್ಸಿದ್ರಾ?"

"ನಿನ್ನೆ ಸಂಜೆ ಎರಡು ಬಕೆಟ್ ಎರಚಿಸ್ದೆ. ಪಾಚಿ ನೆಂದಿದ್ರೆ ನಿಮ್ಗೆ ಸಲೀಸಾಗ್ತದೆ ಅಂತ."

"ಸಲೀಸೇ ಬುಡಿ. ಕಾಲಿಟ್ರೆ ಸೀದಾ ನಿಮ್ಮ ತುಳಸಿಕಟ್ಟೆ ಹತ್ರಾನೇ ಇಳೀತೀನಿ."

ಅರವತ್ತೊಂದರ ಸಾಬರು ಹೆಂಚು ಕೈಯಾಡಿಸುವ ಕೆಲಸ ಹಿಡಿದು ಮೂವತ್ತೆಂಟು ವರ್ಷ. ಮಳೆಗೆ ಮುಂಚೆ ಒಡೆದ ಹೆಂಚು ಬದಲಿಸುವಾಗ ಊರೆಲ್ಲ ಅವರನ್ನು ಹುಡುಕುತ್ತದೆ. ಚಳಿಗಾಲದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆಯಲ್ಲಿ ಹಬ್ಬಿದ ಪಾಚಿ, ಉದುರಿದ ಹುಣಸೆ ಎಲೆ ಸಂದಿಗಳಲ್ಲಿ ಕಟ್ಟಿಕೊಂಡು ದಿನವೂ ಇಬ್ಬನಿ ಕುಡಿಯುತ್ತವೆ. ಆ ತೇವ ಒಳಗಿಳಿದು ಸೂರಿನ ಮರ ಕೊಳೆಯುತ್ತದೆ. ಅದನ್ನು ಕಡ್ಡಿಪೊರಕೆಯಲ್ಲಿ ಉಜ್ಜಿ ತೆಗೆಯಬೇಕು. ದಿನಕ್ಕೆ ಒಂದೇ ಮನೆ, ಹೆಚ್ಚುಕಡಿಮೆ ಎಂಟುನೂರು ಹೆಂಚು.

ಇಬ್ಬನಿ ಆರುವ ಮುಂಚೆ ಸಾಬರು ಹೆಂಚಿನ ಮೇಲೆ ಕಾಲಿಡುವುದಿಲ್ಲ. ಆರಿದ ಮೇಲೂ ಬರಿಗಾಲು, ಸೊಂಟಕ್ಕೆ ಹಗ್ಗ, ಕೆಳಗೆ ತೊಲೆ ಇರುವ ಕಡೆಯಷ್ಟೇ ಗೋಣಿಚೀಲ ಹಾಸಿ ನಡಿಗೆ. ಈ ಕಟ್ಟುನಿಟ್ಟು ಕುಣಿಗಲ್‌ನಲ್ಲಿ ಕಲಿತದ್ದು. "ಆರು ವರ್ಷದ ಕೆಳಗೆ. ಮನೆಯೋರು ಅವಸರ ಮಾಡಿದ್ರು, ಹತ್ತಿಬಿಟ್ಟೆ. ಹೆಂಚು ಒಂದೂ ಒಡೀಲಿಲ್ಲ, ಸೊಂಟ ಮುರೀತು." ಅಂದಿನಿಂದ ಕುಲ್ಸುಂ ಬೀ ಬೀಡಿ ಕಟ್ಟುವುದನ್ನು ಬಿಟ್ಟು ಜೊತೆಗೇ ಬರುತ್ತಾರೆ.

ಇಲ್ಲೂ ಅವಸರವೇ. ನಾಳೆ ನರಸಿಂಹಮ್ಮನವರ ಮರಿಮಗುವಿಗೆ ನಾಮಕರಣ, ಒಂಬತ್ತಕ್ಕೆ ಸುಣ್ಣ ಬಳಿಯುವವರು ಬರುತ್ತಾರೆ; ಸೂರಿನ ಕಸ ಹೊಸ ಸುಣ್ಣದ ಮೇಲೆ ಬೀಳಬಾರದು. "ಇವತ್ತೊಂದಿನ ಬೇಗ ಹತ್ತಿ ಸಾಬ್ರೇ," ನರಸಿಂಹಮ್ಮ ಬೇಡುತ್ತಾರೆ. ಸಾಬರಿಗೆ ಇಲ್ಲ ಎನ್ನಲು ಬಾಯಿ ಬಾರದು. ಮೆಲ್ಲನೆ ಒಂದು ಕಾಲನ್ನು ಹೆಂಚಿನತ್ತ ಚಾಚುತ್ತಾರೆ.

"ಇಳೀರಿ," ಕೆಳಗಿನಿಂದ ಕುಲ್ಸುಂ ಬೀ. "ಆಸ್ಪತ್ರೇಲಿ ಮೂರು ತಿಂಗ್ಳು ನಿಮ್ಮ ತಲೆ ಬಾಚ್ದೋಳು ನಾನು."

"ಬಾಚೋಕೆ ಕೂದ್ಲೆಲ್ಲಿತ್ತು?" ಗೊಣಗುತ್ತಲೇ ಸಾಬರು ಇಳಿಯುತ್ತಾರೆ.

"ಏನ್ ಸಾಬ್ರೇ, ಹೆಂಡ್ತೀನ ಕೇಳಿ ಹತ್ತೋದಾ?"

"ಹತ್ತೋದು ನನ್ನಿಷ್ಟ ಅಮ್ಮಾ. ನೆಟ್ಟಗೆ ಇಳಿಯೋದು ಇವ್ಳಿಷ್ಟ."

ನರಸಿಂಹಮ್ಮ ಸುಣ್ಣದವರಿಗೆ ಫೋನ್ ಮಾಡಿ ಮಧ್ಯಾಹ್ನ ಬನ್ನಿ ಎನ್ನುತ್ತಾರೆ. ಸಾಬರು ಏಣಿಯ ಮೇಲೆ ನಿಂತೇ ಪೈಪು ಹಿಡಿದು ಸೋಪಿನ ನೀರನ್ನು ತೊಳೆದಿಳಿಸುತ್ತಾರೆ. ಆಮೇಲೆ ಗಂಡ ಹೆಂಡತಿ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಬಿಸಿಲಿಗೆ ಕಾಯುತ್ತಾರೆ. ಹತ್ತೂವರೆಗೆ ಹತ್ತಿದ ಸಾಬರು ಇಳಿದಾಗ ಎರಡು ಗಂಟೆ.

ಈ ಕೆಲಸದಲ್ಲಿ ನಿಮಗೇನು ಆಸೆ ಎಂದು ಕೇಳಿದರೆ, ಕಾಲಿಗಂಟಿದ ಪಾಚಿಯನ್ನು ಕೆರೆಯುತ್ತಾ ಸಾಬರು ಯೋಚಿಸುತ್ತಾರೆ. "ಇಳಿದ ತಕ್ಷಣ ಎಲ್ರೂ ತಲೆ ಎತ್ತಿ ಸೂರು ನೋಡ್ತಾರೆ. ಮೊದ್ಲು ನನ್ ಕಡೆ ತಿರುಗಿ, ಹುಷಾರಾಗಿ ಇಳಿದ್ರಾ ಅಂತ ಒಂದು ಮಾತು ಕೇಳಿದ್ರೆ ಸಾಕು."